ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೂ ಇಂದಿನ ರೋಗನಿರ್ಣಯವೂ

ಜೈನ ವೈದ್ಯಸಾಹಿತ್ಯದ ಪ್ರಸ್ತಾಪ ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’. ಸಂಸ್ಕೃತದಲ್ಲಿರುವ ಈ ಗ್ರಂಥವು ಇಪ್ಪತ್ತೈದು ಪರಿಚ್ಛೇದಗಳಲ್ಲಿ ಹರಡಿಕೊಂಡಿದ್ದು, ಕೊನೆಯಲ್ಲಿ ರಿಷ್ಟಾಧ್ಯಾಯ ಮತ್ತು ಹಿತಾಹಿತಾಧ್ಯಾಯ ಎಂಬ ಎರಡು ಪರಿಶಿಷ್ಟಗಳನ್ನು ಹೊಂದಿದೆ. 1940ರಲ್ಲಿ ಸೊಲ್ಲಾಪುರದಿಂದ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಇದನ್ನು ಹಿಂದೀ ಅನುವಾದದೊಡನೆ ಪ್ರಕಟಿಸಿದ ಮೇಲೆ ಸಾಮಾನ್ಯ ಶ್ರಾವಕರಿಗೂ ಇದರ ಪರಿಚಯವಾಯಿತು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ರಚಿಸಿದ ‘ಕರ್ಣಾಟಕ ಕಲ್ಯಾಣಕಾರಕ’ವು ಇದರ ಅನುವಾದವಲ್ಲ, ಅದು ಪೂಜ್ಯಪಾದರ ಹೆಸರಿನ ಗ್ರಂಥವನ್ನು ಆಧರಿಸಿದ್ದು. ಹೆಸರಿನ ಸಾಮ್ಯದಿಂದ ಈ ಎರಡನ್ನೂ ಒಂದೇ ಎಂದು ಭಾವಿಸುವವರು ಇಂದಿಗೂ ಇದ್ದಾರೆ.

ಉಗ್ರಾದಿತ್ಯರ ಕೃತಿಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಹಿತಾಹಿತಾಧ್ಯಾಯದಲ್ಲಿಯೇ ನಿಂತುಬಿಡುತ್ತಾರೆ. ಅದಕ್ಕೆ ಕಾರಣವಿಲ್ಲದಿಲ್ಲ. ನೃಪತುಂಗ ವಲ್ಲಭೇಂದ್ರನ ಆಸ್ಥಾನದಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದಿದ್ದ ಸಭೆಯಲ್ಲಿ, ಔಷಧದ ಹೆಸರಿನಲ್ಲಿಯೂ ಮಾಂಸವು ಗ್ರಾಹ್ಯವಲ್ಲವೆಂದು ಪ್ರತಿಪಾದಿಸಿದ ವಾದವೇ ಆ ಅಧ್ಯಾಯ. ಚರಕ ಸುಶ್ರುತರ ಸಂಹಿತೆಗಳಲ್ಲಿ ಕ್ಷಯರೋಗಿಗೂ ದುರ್ಬಲನಿಗೂ ಮಾಂಸರಸವನ್ನು ವಿಧಿಸಿರುವ ಕಾಲದಲ್ಲಿ, ರಾಜಸಭೆಯಲ್ಲಿ ನಿಂತು ಅದನ್ನು ನಿರಾಕರಿಸುವುದು ಸಣ್ಣ ಕೆಲಸವಲ್ಲ. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಸಂಪೂರ್ಣ ಚಿಕಿತ್ಸಾಶಾಸ್ತ್ರವೊಂದನ್ನು ಕಟ್ಟಬಹುದೆಂದು ಬರಿಯ ಉಪದೇಶದಿಂದಲ್ಲ, ಇಪ್ಪತ್ತೈದು ಪರಿಚ್ಛೇದಗಳ ಪ್ರಯೋಗದಿಂದ ತೋರಿಸಿದ ಕೀರ್ತಿ ಈ ಆಚಾರ್ಯರಿಗೆ ಸಲ್ಲಬೇಕು.

ಆದರೆ ಗ್ರಂಥವೊಂದನ್ನು ಅದರ ಒಂದು ಅಧ್ಯಾಯಕ್ಕಾಗಿ ಮಾತ್ರ ಹೊಗಳುವುದು ಅಂಗಡಿಯ ಬಾಗಿಲಿನ ತೋರಣವನ್ನು ಕಂಡು ಸರಕಿನ ಬೆಲೆ ಕಟ್ಟಿದಂತೆ. ಉಗ್ರಾದಿತ್ಯರು ಮೊದಲಿಗೆ ವೈದ್ಯರು. ದ್ವಾದಶಾಂಗದ ದೃಷ್ಟಿವಾದದಲ್ಲಿ ಹದಿನಾಲ್ಕು ಪೂರ್ವಗಳಿದ್ದು, ಹನ್ನೆರಡನೆಯದಾದ ಪ್ರಾಣಾವಾಯವೇ ವೈದ್ಯಕ್ಕೆ ಮೂಲವೆಂಬುದು ಪರಂಪರೆ. ಆ ಪರಂಪರೆಯ ಪೂರ್ವಾಚಾರ್ಯರನ್ನು ಅವರು ಹೆಸರಿಸುವ ರೀತಿ ಗಮನಾರ್ಹವಾಗಿದೆ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಗ್ರಹಶಮನಕ್ಕೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರು, ಬಾಲಚಿಕಿತ್ಸೆಗೆ ಮೇಘನಾದರು, ಎಂಟು ಅಂಗಗಳನ್ನೂ ವಿಸ್ತಾರವಾಗಿ ಹೇಳಿದವರು ಸಮಂತಭದ್ರರು. ಕಣ್ಣಿಗೆ ಒಬ್ಬರು, ಶಸ್ತ್ರಕ್ಕೆ ಒಬ್ಬರು, ಮಕ್ಕಳಿಗೆ ಒಬ್ಬರು ಎಂಬ ಈ ವಿಭಾಗವು, ರೋಗವನ್ನು ಅದರ ಬಲ್ಲವನ ಬಳಿಗೇ ಒಯ್ಯಬೇಕೆಂಬ ವಿವೇಕವನ್ನು ಸೂಚಿಸುತ್ತದೆ. ಈ ವಿವೇಕದ ಬೆಳಕಿನಲ್ಲಿ ಗ್ರಂಥವನ್ನು ಪರೀಕ್ಷಿಸಿದರೆ, ಅದರಲ್ಲಿ ಇಂದಿಗೂ ನಿಲ್ಲುವುದು ಯಾವುದು, ಕಾಲವು ತಿದ್ದಿರುವುದು ಯಾವುದು ಎಂಬುದು ಕಾಣುತ್ತದೆ.

ಮೊದಲು ಹಿತಾಹಿತದ ವಾದವನ್ನೇ ತೆಗೆದುಕೊಳ್ಳಬಹುದು. ಮಾಂಸವಿಲ್ಲದೆ ಯಾವ ರೋಗವನ್ನೂ ಗುಣಪಡಿಸಬಹುದೆಂಬ ಪ್ರತಿಜ್ಞೆಗೆ ಇಪ್ಪತ್ತನೆಯ ಶತಮಾನದಲ್ಲಿ ಒಂದು ಕಠಿನ ಪರೀಕ್ಷೆ ಒದಗಿತು. ರಕ್ತಹೀನತೆಯ ಒಂದು ಮಾರಕ ಪ್ರಕಾರಕ್ಕೆ ಅದುವರೆಗೆ ಮದ್ದೇ ಇರಲಿಲ್ಲ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಅಂತಹ ರೋಗಿಗಳಿಗೆ ದಿನವೂ ಪ್ರಾಣಿಯ ಯಕೃತ್ತನ್ನು ತಿನ್ನಿಸಿದರೆ ಬದುಕುತ್ತಾರೆಂದು ತೋರಿಸಿದರು; 1934ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಆ ವರ್ಷಗಳಲ್ಲಿ ಉಗ್ರಾದಿತ್ಯರ ವಾದವನ್ನು ಯಾರಾದರೂ ಎತ್ತಿದ್ದರೆ, ಅದಕ್ಕೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. 1948ರಲ್ಲಿ ಯಕೃತ್ತಿನೊಳಗಿನ ಆ ಗುಣಕಾರಿ ವಸ್ತುವನ್ನು ಪ್ರತ್ಯೇಕಿಸಿದರು. ಅದೇ ಬಿ-12 ಜೀವಸತ್ವ. ಅದನ್ನು ತಯಾರಿಸುವುದು ಪ್ರಾಣಿಯ ದೇಹವಲ್ಲ, ಸೂಕ್ಷ್ಮಾಣುಗಳು ಎಂಬುದು ತಿಳಿದುಬಂದ ಮೇಲೆ ಹುದುಗುವಿಕೆಯಿಂದಲೇ ಅದನ್ನು ಉತ್ಪಾದಿಸತೊಡಗಿದರು. ಇಂದು ಔಷಧದ ಅಂಗಡಿಯಲ್ಲಿ ದೊರೆಯುವ ಬಿ-12 ಮಾತ್ರೆಯೂ ಚುಚ್ಚುಮದ್ದೂ ಹಾಗೆ ಬಂದವು.

ಇಲ್ಲಿ ಆಚಾರ್ಯರ ವಾದ ಗೆದ್ದಿತೆಂದು ಸಂತೋಷಪಡುವವರು ಅದರ ಇನ್ನೊಂದು ಮುಖವನ್ನೂ ನೋಡಬೇಕಾಗಿದೆ. ಸಸ್ಯಮೂಲದ ಯಾವ ಧಾನ್ಯದಲ್ಲಿಯೂ ತರಕಾರಿಯಲ್ಲಿಯೂ ಬಿ-12 ಭರವಸೆಯಿಡುವ ಪ್ರಮಾಣದಲ್ಲಿಲ್ಲ. ಹಾಲು ಮೊಸರುಗಳಲ್ಲಿ ಉಂಟು, ಆದರೆ ಬಹಳವಲ್ಲ. ವಯಸ್ಸಾದಂತೆ ಜಠರದ ಆಮ್ಲ ಕುಗ್ಗಿ, ತಿಂದದ್ದೂ ಸರಿಯಾಗಿ ಹೀರಲ್ಪಡುವುದಿಲ್ಲ. ಮಧುಮೇಹಕ್ಕೆ ಎಲ್ಲೆಡೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ, ಎದೆಯುರಿಗೆ ವರ್ಷಗಟ್ಟಲೆ ನುಂಗುವ ಓಮೆಪ್ರಝೋಲ್ ಮುಂತಾದವೂ ಈ ಕೊರತೆಯನ್ನು ಹೆಚ್ಚಿಸುತ್ತವೆ. ಎಂದರೆ, ಎಪ್ಪತ್ತರ ವಯಸ್ಸಿನ, ಮಧುಮೇಹವಿರುವ, ನಿಷ್ಠಾವಂತ ಶಾಕಾಹಾರಿಯೊಬ್ಬರಲ್ಲಿ ಈ ಕಾರಣಗಳೆಲ್ಲ ಒಟ್ಟಿಗೆ ಸೇರುತ್ತವೆ. ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು, ನಿರುತ್ಸಾಹ, ಅನ್ನ ಬೇಡವೆನಿಸುವುದು ಇವು ಲಕ್ಷಣಗಳು. ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ರಕ್ತದಲ್ಲಿನ ಬಿ-12 ಪ್ರಮಾಣ ಒಂದು ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂಗಿಂತ ಕಡಿಮೆಯಾದರೆ ಕೊರತೆಯೆಂದು ಎಣಿಸುವುದು ವಾಡಿಕೆ. 200ರಿಂದ 300ರ ನಡುವೆ ಸಂದೇಹ, ಆಗ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ರಕ್ತಕಣ ದೊಡ್ಡದಾಗಿ ಕಾಣುವುದು ಇದರ ಗುರುತಾದರೂ, ಜೊತೆಗೆ ಕಬ್ಬಿಣದ ಕೊರತೆಯಿದ್ದರೆ ಆ ಗುರುತು ಮುಚ್ಚಿಹೋಗುತ್ತದೆ. ಬರಿಯ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿ, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಬೇಗ ಕಂಡುಹಿಡಿದರೆ ಗುಣವಾಗುವ, ತಡವಾದರೆ ನರಕ್ಕೆ ಶಾಶ್ವತ ಹಾನಿ ಮಾಡುವ ರೋಗ ಇದು. ಹಿತಾಹಿತಾಧ್ಯಾಯವನ್ನು ಪಠಿಸುವ ಮನೆಯಲ್ಲಿಯೇ ಈ ಪರೀಕ್ಷೆಯ ಅಗತ್ಯ ಹೆಚ್ಚು ಎಂಬುದನ್ನು ಪ್ರಶಂಸಾಪರ ಲೇಖನಗಳು ಹೇಳುವುದಿಲ್ಲ.

ಇನ್ಸುಲಿನ್ನಿನ ಕಥೆಯೂ ಇದೇ ಬಗೆಯದು. 1921ರಲ್ಲಿ ಟೊರಾಂಟೊದಲ್ಲಿ ಕಂಡುಹಿಡಿಯಲ್ಪಟ್ಟು 1922ರ ಜನವರಿಯಲ್ಲಿ ಮೊದಲು ಒಬ್ಬ ಬಾಲಕನಿಗೆ ಕೊಟ್ಟ ಆ ಔಷಧವು ಅರವತ್ತು ವರ್ಷಗಳ ಕಾಲ ದನ ಮತ್ತು ಹಂದಿಗಳ ಮೇದೋಜೀರಕದಿಂದಲೇ ಬರುತ್ತಿತ್ತು. 1982ರಿಂದ ಸೂಕ್ಷ್ಮಾಣುಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದಿತು. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂದಿಗೂ ಹಂದಿಯ ಕರುಳಿನಿಂದ ಬರುತ್ತದೆ. ಕ್ಯಾಪ್ಸೂಲಿನ ಹೊದಿಕೆ ಬಹುಪಾಲು ಜೆಲಟಿನ್ನಿನದು, ಸಸ್ಯಮೂಲದ ಹೊದಿಕೆಯೂ ದೊರೆಯುತ್ತದೆ. ಈ ಪ್ರಶ್ನೆಗಳನ್ನು ವೈದ್ಯರ ಮುಂದಿಡುವುದು ಶ್ರಾವಕನ ಹಕ್ಕು. ಆದರೆ ಅವುಗಳನ್ನು ಮುಂದಿಡಬೇಕಾದದ್ದು ರೋಗ ಯಾವುದೆಂದು ತಿಳಿದ ಮೇಲೆ, ತಿಳಿಯುವುದಕ್ಕೇ ಒಲ್ಲೆನೆನ್ನುವ ನೆಪವಾಗಿ ಅಲ್ಲ. ಉಗ್ರಾದಿತ್ಯರ ಆಕ್ಷೇಪಣೆ ಇದ್ದದ್ದು ಮದ್ದಿನಲ್ಲಿ ಬೆರೆಯುವ ದ್ರವ್ಯದ ಮೇಲೆ. ರೋಗಪರೀಕ್ಷೆಯ ಮೇಲೆ ಅವರು ಎಲ್ಲಿಯೂ ಆಕ್ಷೇಪಣೆ ಎತ್ತಿಲ್ಲ.

ಹಿತಾಹಿತದಷ್ಟೇ ಬೆಲೆಯುಳ್ಳ, ಆದರೆ ಯಾರೂ ಅಷ್ಟಾಗಿ ಎತ್ತಿ ಹೇಳದ ಇನ್ನೊಂದು ವಿಚಾರವನ್ನು ಈ ಗ್ರಂಥವು ಹಳೆಯ ಸಂಹಿತೆಗಳಿಂದ ಪಡೆದಿದೆ. ಅದು ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯ ಎಂದು ವಿಂಗಡಿಸುವ ಕ್ರಮ. ಸಾಧ್ಯವೆಂದರೆ ಗುಣವಾಗುವುದು, ಅಸಾಧ್ಯವೆಂದರೆ ಮದ್ದಿಗೆ ಮಣಿಯದಿರುವುದು. ಇವೆರಡೂ ಎಲ್ಲರಿಗೂ ಅರ್ಥವಾಗುತ್ತವೆ. ನಡುವಿನ ಯಾಪ್ಯವೇ ಸೂಕ್ಷ್ಮವಾದದ್ದು. ರೋಗವು ಹೋಗುವುದಿಲ್ಲ, ಆದರೆ ಔಷಧವಿರುವವರೆಗೆ ರೋಗಿಯು ಸುಖವಾಗಿರುತ್ತಾನೆ, ಔಷಧ ನಿಂತೊಡನೆ ಬೀಳುತ್ತಾನೆ. ವಾಲಿದ ಮನೆಗೆ ಕೊಟ್ಟ ಊರೆಗಂಬದಂತೆ ಎಂಬ ಹೋಲಿಕೆ ಸುಶ್ರುತದಲ್ಲಿದೆ. ಇಂದು ಮನೆಮನೆಯಲ್ಲಿರುವ ಮಧುಮೇಹ, ರಕ್ತದೊತ್ತಡ, ಆಸ್ತಮಾ, ಥೈರಾಯ್ಡಿನ ಕೊರತೆ ಇವೆಲ್ಲ ಯಾಪ್ಯಗಳೇ. ಈ ಒಂದು ಪದವನ್ನು ಮರೆತದ್ದರಿಂದಾಗುವ ಹಾನಿ ಅಷ್ಟಿಷ್ಟಲ್ಲ. ರೋಗವೆಂದರೆ ಗುಣವಾಗಬೇಕು, ಇಲ್ಲವೇ ಅದು ಕರ್ಮಫಲವೆಂದು ಬಿಡಬೇಕು ಎಂಬ ಎರಡೇ ಕಲ್ಪನೆಗಳಿರುವವನು, ಮೂರು ತಿಂಗಳು ಮಾತ್ರೆ ನುಂಗಿ ‘ಒತ್ತಡ ಸರಿಹೋಯಿತು’ ಎಂದು ನಿಲ್ಲಿಸುತ್ತಾನೆ. ಸರಿಹೋದದ್ದು ಕಂಬ ಕೊಟ್ಟದ್ದರಿಂದ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಪ್ರಮೇಹದ ಪ್ರಕರಣವನ್ನು ಪರೀಕ್ಷಿಸಿದರೆ ಪ್ರಾಚೀನರ ಶಕ್ತಿಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಸಂಹಿತೆಗಳಲ್ಲಿ ಪ್ರಮೇಹಗಳು ಇಪ್ಪತ್ತು: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಕಫಜಗಳು ಸಾಧ್ಯ, ಪಿತ್ತಜಗಳು ಯಾಪ್ಯ, ವಾತಜಗಳು ಅಸಾಧ್ಯ. ಹುಟ್ಟಿನಿಂದ ಬಂದದ್ದು ಕೃಶನಾದವನಲ್ಲಿ, ಅಪಥ್ಯದಿಂದ ಬಂದದ್ದು ಸ್ಥೂಲನಾದವನಲ್ಲಿ ಎಂದು ಸುಶ್ರುತವು ಮಾಡುವ ಭೇದವು, ಇಂದಿನ ವೈದ್ಯರು ಹೇಳುವ ಮೊದಲನೆಯ ಮತ್ತು ಎರಡನೆಯ ಬಗೆಯ ಮಧುಮೇಹಗಳಿಗೆ ಬಹಳ ಹತ್ತಿರ ಬರುತ್ತದೆ. ಇಷ್ಟು ಕಂಡವರ ಕಣ್ಣು ಎಷ್ಟು ತೀಕ್ಷ್ಣವಾಗಿದ್ದಿರಬೇಕು! ಮೂತ್ರಕ್ಕೆ ಇರುವೆ ಮುತ್ತುವುದನ್ನು ಗುರುತಾಗಿ ಹೇಳಿದ್ದೂ ಸರಿಯಾದದ್ದೇ. ಆದರೆ ಆ ಗುರುತು ತಡವಾಗಿ ಬರುವಂಥದು. ರಕ್ತದಲ್ಲಿ ಸಕ್ಕರೆಯು ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದ ಮೇಲೆ ಮಾತ್ರ ಮೂತ್ರಪಿಂಡವು ಅದನ್ನು ಹೊರಗೆ ಬಿಡುತ್ತದೆ. ರೋಗವೋ ಅದಕ್ಕಿಂತ ವರ್ಷಗಳ ಹಿಂದೆಯೇ ಆರಂಭವಾಗಿರುತ್ತದೆ. ಉಪವಾಸದ ಸ್ಥಿತಿಯಲ್ಲಿ 126 ಅಥವಾ ಅದಕ್ಕೆ ಮೇಲೆ, ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲೆ 200 ಅಥವಾ ಅದಕ್ಕೆ ಮೇಲೆ, ಅಥವಾ ಎಚ್‌ಬಿಎ1ಸಿ ನೂರಕ್ಕೆ 6.5 ಮುಟ್ಟಿದರೆ ಮಧುಮೇಹವೆಂಬುದು ಇಂದಿನ ಅಳತೆ. ಮೊದಲು ಉಪವಾಸದ ಅಳತೆ 140 ಇದ್ದುದನ್ನು 1997ರಲ್ಲಿ ಅಮೆರಿಕದ ವೈದ್ಯರು 126ಕ್ಕೆ ಇಳಿಸಿದರು. ಕಣ್ಣಿನ ಹಿಂಭಾಗದ ರಕ್ತನಾಳಗಳ ಹಾನಿಯು ಆ ಮಟ್ಟದಲ್ಲಿಯೇ ತೊಡಗುತ್ತದೆಂದು ಕಂಡದ್ದು ಅದಕ್ಕೆ ಕಾರಣ.

ಎಚ್‌ಬಿಎ1ಸಿ ಎಂಬುದು ಒಂದು ದಿನದ ರೋಕಡಿಯಲ್ಲ, ಸುಮಾರು ಮೂರು ತಿಂಗಳ ಸರಾಸರಿ ಲೆಕ್ಕ. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟು ಹೋದವನು ಉಪವಾಸದ ಪರೀಕ್ಷೆಯನ್ನು ಮರುಳುಮಾಡಬಹುದೇ ಹೊರತು ಇದನ್ನಲ್ಲ. ಆದರೆ ಇದೂ ತಪ್ಪದಿರುವುದೆಂದಲ್ಲ: ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದರೆ ಅಂಕಿ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣಬಹುದು. ಮೂತ್ರಪಿಂಡದ ವಿಚಾರದಲ್ಲಿಯೂ ಹೀಗೆಯೇ. ಕ್ರಿಯಾಟಿನಿನ್ ಸರಿಯಾಗಿದೆಯೆಂದು ನೆಮ್ಮದಿಯಿಂದಿರುವವರು ಬಹಳ. ಆ ಅಂಕಿಯು ಗಡಿ ದಾಟುವ ಹೊತ್ತಿಗೆ ಮೂತ್ರಪಿಂಡಗಳ ಶಕ್ತಿ ಸುಮಾರು ಅರ್ಧದಷ್ಟು ಹೋಗಿರಬಹುದು. ಮೂತ್ರದಲ್ಲಿ ಆಲ್ಬುಮಿನ್ ಸೋರುವುದನ್ನು ನೋಡುವ ಪರೀಕ್ಷೆ ಅದಕ್ಕಿಂತ ಮೊದಲೇ ಎಚ್ಚರಿಸುತ್ತದೆ. ಇದೇ ಸಂದರ್ಭದಲ್ಲಿ ಕಲ್ಯಾಣಕಾರಕದ ರಸೌಷಧಗಳ ಬಗ್ಗೆ ಒಂದು ಮಾತು ಹೇಳದೆ ಬಿಡುವಂತಿಲ್ಲ. ಪಾದರಸವು ಮೂತ್ರಪಿಂಡಕ್ಕೂ ನರಕ್ಕೂ ವಿಷವೆಂಬುದು ಈಗ ನಿಸ್ಸಂದೇಹ. ಗ್ರಂಥದ ಗೌರವಕ್ಕಾಗಿ ಆ ಭಾಗವನ್ನು ಮನೆಯಲ್ಲಿ ಪ್ರಯೋಗಿಸುವುದು ಗೌರವವಲ್ಲ.

ಯಾಪ್ಯದ ನಿಯಮವು ವ್ರತದ ದಿನಗಳಲ್ಲಿ ವಿಶೇಷವಾಗಿ ನೆನಪಿಗೆ ಬರಬೇಕಾದದ್ದು. ದಶಲಕ್ಷಣ ಪರ್ವದಲ್ಲಿ ಮಧುಮೇಹಿಯು ಉಪವಾಸ ಮಾಡುವಾಗ, ಗ್ಲಿಮೆಪಿರೈಡ್ ಮುಂತಾದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಪ್ರಜ್ಞಾಹೀನತೆ ಉಂಟಾಗಬಹುದು. ಇನ್ಸುಲಿನ್ನಿನಿಂದಲೇ ಬದುಕುವವನು ಅದನ್ನು ಪೂರ್ತಿ ನಿಲ್ಲಿಸಿದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು. ಪರ್ವಕ್ಕೆ ಮೊದಲೇ ವೈದ್ಯರೊಡನೆ ಕುಳಿತು ಪ್ರಮಾಣವನ್ನು ಬದಲಿಸಿಕೊಳ್ಳುವುದು, ಅಥವಾ ಉಪವಾಸದ ಬದಲು ರಸತ್ಯಾಗ, ಊನೋದರಗಳಂಥ ಬಾಹ್ಯ ತಪಸ್ಸುಗಳನ್ನು ಆರಿಸಿಕೊಳ್ಳುವುದು ಶಾಸ್ತ್ರವೇ ತೆರೆದಿಟ್ಟ ಮಾರ್ಗ. ಶಕ್ತಿಯನ್ನು ಮೀರಿ ತಪವಿಲ್ಲ.

ರೋಗನಿರ್ಣಯವೆಂದರೆ ಹೆಚ್ಚು ಹೆಚ್ಚು ಪರೀಕ್ಷೆಗಳನ್ನು ಕೊಂಡುಕೊಳ್ಳುವುದೆಂಬ ಇಂದಿನ ಭ್ರಮೆಯನ್ನೂ ಇಲ್ಲಿಯೇ ವಿಚಾರಿಸಬೇಕು. ಹಬ್ಬದ ರಿಯಾಯಿತಿಯಲ್ಲಿ ಅರವತ್ತು ಎಪ್ಪತ್ತು ಪರೀಕ್ಷೆಗಳ ಕಟ್ಟನ್ನು ಮಾರುವ ಪ್ರಯೋಗಾಲಯಗಳು ಈಗ ಊರೂರಿಗೂ ಬಂದಿವೆ. ಇಲ್ಲಿ ಸರಳವಾದ ಗಣಿತವೊಂದುಂಟು. ನೂರರಲ್ಲಿ ಒಬ್ಬರಿಗಿರುವ ಒಂದು ರೋಗವನ್ನೂ, ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿದು, ಇಲ್ಲದವರಲ್ಲಿಯೂ ನೂರಕ್ಕೆ 90 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುವ ಒಂದು ಪರೀಕ್ಷೆಯನ್ನೂ ಊಹಿಸಿಕೊಳ್ಳಬಹುದು. ಸಾವಿರ ಜನರನ್ನು ಪರೀಕ್ಷಿಸಿದರೆ ರೋಗಿಗಳು 10. ಅವರಲ್ಲಿ 9 ಮಂದಿ ಸಿಕ್ಕುತ್ತಾರೆ. ಆರೋಗ್ಯವಂತರು 990, ಅವರಲ್ಲಿ 99 ಮಂದಿಗೂ ‘ರೋಗವಿದೆ’ ಎಂಬ ಚೀಟಿ ಬರುತ್ತದೆ. ಒಟ್ಟು 108 ಚೀಟಿಗಳಲ್ಲಿ ನಿಜವಾದವು 9, ಎಂದರೆ ಹನ್ನೆರಡಕ್ಕೆ ಒಂದು. ಅದೇ ಪರೀಕ್ಷೆಯನ್ನು ಲಕ್ಷಣಗಳಿರುವ, ಇಬ್ಬರಲ್ಲಿ ಒಬ್ಬರಿಗೆ ರೋಗವಿರಬಹುದಾದ ಜನರಲ್ಲಿ ಮಾಡಿದರೆ ಹತ್ತು ಚೀಟಿಗಳಲ್ಲಿ ಒಂಬತ್ತು ನಿಜವಾಗುತ್ತವೆ. ಪರೀಕ್ಷೆಯ ಅರ್ಥವು ಪರೀಕ್ಷೆಯಲ್ಲಿ ಮಾತ್ರವಿಲ್ಲ, ಅದನ್ನು ಯಾರಿಗೆ ಮಾಡಿದರೆಂಬುದರಲ್ಲಿಯೂ ಇದೆ. ಪ್ರಶಾಂತಚಂದ್ರ ಮಹಾಲನೋಬಿಸರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆಯುವಾಗ ಸ್ಯಾದ್ವಾದವನ್ನು ನೆನೆದದ್ದು ಆಕಸ್ಮಿಕವಲ್ಲ. ರಕ್ತದೊತ್ತಡದಂಥ ಸುಲಭದ ಅಳತೆಯನ್ನೂ ಬೇರೆ ಬೇರೆ ದಿನ ಎರಡು ಮೂರು ಸಲ ನೋಡಿಯೇ ನಿರ್ಣಯಿಸಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ವೈದ್ಯರ ಮುಂದೆ ಮಾತ್ರ ಏರುವ ಒತ್ತಡವೂ ಉಂಟು.

ಈಗ ರಿಷ್ಟಾಧ್ಯಾಯಕ್ಕೆ ಬರಬೇಕು. ಮರಣವು ಸಮೀಪಿಸಿದೆಯೆಂದು ಸೂಚಿಸುವ ಚಿಹ್ನೆಗಳನ್ನು ಹೇಳುವ ಈ ಪ್ರಕಾರಕ್ಕೆ ನಮ್ಮ ದೇಶದಲ್ಲಿ ದೀರ್ಘ ಪರಂಪರೆಯಿದೆ. ಚರಕದ ಇಂದ್ರಿಯಸ್ಥಾನವು ಇದಕ್ಕೇ ಮೀಸಲು. ಜೈನರಲ್ಲಿ ದುರ್ಗದೇವರು 1032ರಲ್ಲಿ ಪ್ರಾಕೃತದಲ್ಲಿ ‘ರಿಷ್ಟಸಮುಚ್ಚಯ’ವನ್ನೇ ಬರೆದರು. ಇವುಗಳಲ್ಲಿ ನಿಜವಾದ ಅವಲೋಕನವಿದೆ. ಕೊನೆಯ ಗಳಿಗೆಯಲ್ಲಿ ಉಸಿರು ಏರಿಳಿದು ನಿಂತು ಮತ್ತೆ ಹೊರಡುವ ಬಗೆಯನ್ನು ಇಂದಿನ ವೈದ್ಯರೂ ಗುರುತಿಸುತ್ತಾರೆ. ಸ್ವಪ್ನ, ನೆರಳುಗಳ ಮಾತನ್ನು ಇಲ್ಲಿ ಬಿಡಬಹುದು. ವಿಚಾರಣೀಯವಾದದ್ದು ಇವೆರಡರ ನಡುವಿನ ಚಿಹ್ನೆಗಳು. ಸಪ್ತರ್ಷಿಮಂಡಲದ ಬಳಿಯ ಅರುಂಧತಿಯನ್ನು ಕಾಣದವನು ವರ್ಷದೊಳಗೆ ಸಾಯುತ್ತಾನೆಂದು ಚರಕದಲ್ಲಿದೆ. ಅರುಂಧತಿ ಮಂಕಾದ ಸಣ್ಣ ನಕ್ಷತ್ರ. ಕಣ್ಣಿನ ಮಸೂರಕ್ಕೆ ಪೊರೆ ಬಂದ ವೃದ್ಧನಿಗೆ ಅದು ಕಾಣುವುದಿಲ್ಲ. ಅಂದು ದೃಷ್ಟಿ ಹೋದ ವೃದ್ಧನ ಆಯುಸ್ಸು ಹೆಚ್ಚಿರಲಿಲ್ಲವಾಗಿ ಈ ಚಿಹ್ನೆ ಸರಿಯೆನಿಸಿರಬಹುದು. ಇಂದು ನೇತ್ರವೈದ್ಯನು ಕೆಲವೇ ನಿಮಿಷಗಳಲ್ಲಿ ಪೊರೆಯನ್ನು ಗುರುತಿಸಿ, ಅರ್ಧ ಗಂಟೆಯೊಳಗಿನ ಶಸ್ತ್ರಚಿಕಿತ್ಸೆಯಲ್ಲಿ ಹೊಸ ಮಸೂರವನ್ನು ಇಡುತ್ತಾನೆ. ಹೀಗೆ ಒಂದು ಕಾಲದ ರಿಷ್ಟವು ಇನ್ನೊಂದು ಕಾಲಕ್ಕೆ ಸಾಧ್ಯರೋಗವಾಯಿತು.

ರಾಜಯಕ್ಷ್ಮದ ಇತಿಹಾಸ ಇದಕ್ಕೂ ಸ್ಪಷ್ಟ. 1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಅದರ ಸೂಕ್ಷ್ಮಾಣುವನ್ನು ತೋರಿಸಿದಾಗಲೂ ಮದ್ದಿರಲಿಲ್ಲ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. 1959ರಲ್ಲಿ ಪ್ರಕಟವಾದ ಮದರಾಸಿನ ಪ್ರಸಿದ್ಧ ಅಧ್ಯಯನವು, ಮನೆಯಲ್ಲಿಯೇ ಇದ್ದು ಮಾತ್ರೆ ನುಂಗಿದ ಬಡವರೂ ಆರೋಗ್ಯಧಾಮದಲ್ಲಿ ಹಾಲು, ವಿಶ್ರಾಂತಿ ಪಡೆದವರಂತೆಯೇ ಗುಣವಾದರೆಂದು ಸಾಧಿಸಿತು. ಮಾಂಸರಸವಿಲ್ಲದೆ ಯಕ್ಷ್ಮವು ಹೋಗದೆಂಬ ಹಳೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಅದೇ ವರ್ಷದ್ದು. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಕಫದ ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರಿನಲ್ಲಿ ಐದರಿಂದ ಹತ್ತು ಸಾವಿರ ಸೂಕ್ಷ್ಮಾಣುಗಳಿರಬೇಕು. ಆದುದರಿಂದ ‘ಕಾಣಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ. 2010ರಿಂದ ಬಳಕೆಗೆ ಬಂದ ಸಿಬಿನ್ಯಾಟ್ ಪರೀಕ್ಷೆಯು ಇದಕ್ಕಿಂತ ಸೂಕ್ಷ್ಮವಾಗಿದ್ದು, ಸುಮಾರು ಎರಡು ಗಂಟೆಗಳಲ್ಲಿ ರೋಗವನ್ನೂ, ಮುಖ್ಯ ಔಷಧವಾದ ರಿಫಾಂಪಿಸಿನ್ನಿಗೆ ಅದು ಬಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ.

ಈ ಗಡಿಗಳ ಚಲನೆಯು ವೈದ್ಯರಿಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಶ್ರಾವಕಾಚಾರಕ್ಕೆ ಅದರ ಸಂಬಂಧ ನೇರವಾದದ್ದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನಕ್ಕೆ ಅವಕಾಶವಿರುವ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದಷ್ಟೇ ಹೇಳಿ ಬಿಡಲಿಲ್ಲ; ಪ್ರತೀಕಾರವಿಲ್ಲದ್ದು ಎಂಬ ವಿಶೇಷಣವನ್ನು ಇಟ್ಟರು. ಇಡೀ ವಿಧಿಯ ಭಾರ ಆ ಒಂದು ವಿಶೇಷಣದ ಮೇಲೆ ನಿಂತಿದೆ. ಪ್ರತೀಕಾರವಿದೆಯೋ ಇಲ್ಲವೋ ಎಂಬುದು ಶ್ರದ್ಧೆಯಿಂದ ತಿಳಿಯುವ ವಿಷಯವಲ್ಲ, ನಿರ್ಣಯದಿಂದ ತಿಳಿಯುವುದು. ಸಲ್ಲೇಖನವನ್ನು ಆತ್ಮಹತ್ಯೆಯೆಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪಿತ್ತಾಗ, ಸಮಾಜವು ದೇಶದಾದ್ಯಂತ ಪ್ರತಿಭಟಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಆಗ ಬರೆದ ಸಮರ್ಥನೆಗಳೆಲ್ಲ ವ್ರತದ ಪಾವಿತ್ರ್ಯವನ್ನು ಎತ್ತಿಹಿಡಿದವು, ಅದು ಸರಿಯೇ. ಸಮಂತಭದ್ರರ ಆ ವಿಶೇಷಣವನ್ನು ಮುಂದಿಟ್ಟು, ವ್ರತಕ್ಕೆ ಮೊದಲು ರೋಗನಿರ್ಣಯವಾಗಬೇಕೆಂದು ಒತ್ತಿ ಹೇಳಿದವು ವಿರಳ.

ಈ ವಿಶೇಷಣಕ್ಕೆ ಆಚಾರ್ಯರ ಜೀವನಕಥೆಯೇ ಭಾಷ್ಯವಾಗಿದೆ. ಪ್ರಭಾಚಂದ್ರರ ಕಥಾಕೋಶದಲ್ಲಿಯೂ, ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ಕನ್ನಡ ‘ರಾಜಾವಳಿಕಥೆ’ಯಲ್ಲಿಯೂ ಬರುವ ಆ ಕಥೆ ಎಲ್ಲರಿಗೂ ಪರಿಚಿತ. ಮುನಿಯಾಗಿದ್ದ ಸಮಂತಭದ್ರರಿಗೆ ಭಸ್ಮಕವ್ಯಾಧಿ ಹತ್ತಿತು. ಎಷ್ಟು ತಿಂದರೂ ತೀರದ ಹಸಿವು. ಮುನಿಚರ್ಯೆಯನ್ನು ಉಳಿಸಿಕೊಂಡು ಆ ರೋಗವನ್ನು ಸಹಿಸಲಾರದೆ ಅವರು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರು ಕೊಡಲಿಲ್ಲ. ಆಯುಸ್ಸಿದೆ, ಧರ್ಮಪ್ರಭಾವನೆ ನಡೆಯಬೇಕಾಗಿದೆ, ಮೊದಲು ರೋಗವನ್ನು ನೀಗಿಕೊಂಡು ಬರಬೇಕೆಂದು ದೀಕ್ಷೆಯನ್ನೇ ಬಿಡಿಸಿ ಕಳುಹಿಸಿದರು. ವೇಷ ಬದಲಿಸಿ, ಶಿವಾಲಯದ ನೈವೇದ್ಯವನ್ನು ಉಂಡು, ರೋಗ ಶಮನವಾದ ಮೇಲೆ ಅವರು ಮರಳಿ ದೀಕ್ಷೆ ಪಡೆದರು. ಊರಿನ ಹೆಸರು ಪಾಠದಿಂದ ಪಾಠಕ್ಕೆ ಬೇರೆಯಾಗುತ್ತದೆ. ಈ ಕಥೆಯಲ್ಲಿ ಮೂರ್ತಿ ಪ್ರಕಟವಾದ ಚಮತ್ಕಾರವನ್ನು ಎಲ್ಲರೂ ಹೇಳುತ್ತಾರೆ. ಸಲ್ಲೇಖನದ ಲಕ್ಷಣವನ್ನು ಬರೆದ ಆಚಾರ್ಯರಿಗೇ, ರೋಗಕ್ಕೆ ಪ್ರತೀಕಾರವಿದೆಯೆಂಬ ಕಾರಣದಿಂದ ಸಲ್ಲೇಖನವು ನಿರಾಕರಿಸಲ್ಪಟ್ಟಿತು ಎಂಬುದನ್ನು ಹೇಳುವವರು ಕಡಿಮೆ. ಬಹಳ ತಿಂದರೂ ತೂಕ ಇಳಿಯುತ್ತಿದೆಯೆಂದು ಹೇಳಿಕೊಂಡು ಬಂದವನಿಗೆ ಇಂದಿನ ವೈದ್ಯನು ಮೊದಲು ಮಾಡಿಸುವ ಪರೀಕ್ಷೆಗಳು ರಕ್ತದ ಸಕ್ಕರೆಯದೂ ಥೈರಾಯ್ಡಿನದೂ ಎಂಬುದು ಇಲ್ಲಿ ಸುಮ್ಮನೆ ನೆನಪಿಗೆ ಬರುವ ಮಾತು.

ಆದುದರಿಂದ ವೃದ್ಧರೊಬ್ಬರು ಊಟವನ್ನು ತ್ಯಜಿಸುವ ಮಾತನ್ನಾಡಿದಾಗ, ಮನೆಯವರೂ ಅನುಮತಿ ಕೊಡಬೇಕಾದ ಪೂಜ್ಯರೂ ಮೊದಲು ಕೇಳಬೇಕಾದ ಪ್ರಶ್ನೆಗಳು ವೈದ್ಯಕೀಯವಾದವು. ಮನಸ್ಸಿನ ಖಿನ್ನತೆಯಿಂದ ಅನ್ನ ಬೇಡವಾಗುವುದುಂಟು. ಅದು ಮದ್ದಿಗೆ ಮಣಿಯುವ ರೋಗ. ಥೈರಾಯ್ಡಿನ ಕೊರತೆಯಿಂದ ಜಡತೆ, ಬಿ-12ರ ಕೊರತೆಯಿಂದ ಮರೆವು, ಸೋಡಿಯಂ ಇಳಿದಾಗ ಮಂಪರು ಬರುತ್ತವೆ. ಎರಡು ವಾರಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದದ್ದು ಮರೆತುಹೋಗಿ, ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಶೇಖರವಾಗಿ, ಮಾತು ತೊದಲುವುದೂ ಉಂಟು. ಸಿಟಿ ಸ್ಕ್ಯಾನಿನಲ್ಲಿ ಅದು ಕಾಣುತ್ತದೆ, ರಕ್ತವನ್ನು ಹೊರತೆಗೆದರೆ ಮನುಷ್ಯ ಮೊದಲಿನಂತಾಗಬಹುದು. ಇವುಗಳಲ್ಲಿ ಯಾವುದನ್ನೂ ನಿಷ್ಪ್ರತೀಕಾರವೆನ್ನಲು ಬರುವುದಿಲ್ಲ. ಖಿನ್ನತೆಯಲ್ಲಿ ಬೇಡವೆನ್ನುವ ಮನಸ್ಸು ವಿರಕ್ತಿಯ ಮನಸ್ಸಲ್ಲ. ಸಲ್ಲೇಖನದ ಅತಿಚಾರಗಳಲ್ಲಿ ಮರಣಾಶಂಸೆಯೂ ಒಂದೆಂಬುದನ್ನು ಶ್ರಾವಕಾಚಾರವನ್ನು ಓದಿದವರು ಬಲ್ಲರು.

ನಿರ್ಣಯವು ಮತ್ತೊಂದು ದಿಕ್ಕಿನಲ್ಲಿಯೂ ಕೆಲಸ ಮಾಡುತ್ತದೆ. ಅರ್ಬುದವು ಹಲವು ಅಂಗಗಳಿಗೆ ಹರಡಿದೆಯೆಂದು ಬಯಾಪ್ಸಿ ಮತ್ತು ಸ್ಕ್ಯಾನುಗಳು ಸಿದ್ಧಪಡಿಸಿದ ಮೇಲೆ, ಕೃತಕ ಉಸಿರಾಟದ ಯಂತ್ರಕ್ಕೆ ತೊಡಗಿಸಿ ದಿನಗಳನ್ನು ಎಣಿಸುವುದು ರೋಗಿಗೆ ಉಪಕಾರವಲ್ಲ. ಆಗಲೂ ನೋವಿಗೆ ಪ್ರತೀಕಾರವುಂಟು. ಮಾರ್ಫಿನ್ ಮಾತ್ರೆಗೆ ಇದ್ದ ಕಾನೂನಿನ ತೊಡಕುಗಳನ್ನು 2014ರ ತಿದ್ದುಪಡಿಯು ಸಡಿಲಿಸಿದೆ. ಅಸಾಧ್ಯವೆಂದು ನಿಜವಾಗಿ ತಿಳಿದವನಿಗೆ ಮಾತ್ರ ಶಾಂತವಾಗಿ ಮುಂದಿನದನ್ನು ಯೋಚಿಸುವ ಅವಕಾಶವಿದೆ, ಊಹಿಸಿಕೊಂಡವನಿಗಿಲ್ಲ.

ಕಲ್ಯಾಣಕಾರಕದ ಹೊಸ ಆವೃತ್ತಿಯೊಂದು ಹೊರಡುವುದಾದರೆ, ಸಂಪಾದಕರು ಇವುಗಳನ್ನು ಗಮನಿಸುವುದು ಯುಕ್ತ. ಮೂಲಪಾಠವನ್ನು ಒಂದಕ್ಷರವೂ ಬದಲಿಸದೆ ಇಡಬೇಕು. ಆದರೆ ಪ್ರಮೇಹದ ಪ್ರಕರಣದ ಕೆಳಗೆ ಇಂದಿನ ಅಳತೆಗಳೂ, ರಸೌಷಧದ ಕೆಳಗೆ ಪಾದರಸದ ಎಚ್ಚರಿಕೆಯೂ, ಹಿತಾಹಿತದ ಕೆಳಗೆ ಬಿ-12ರ ವ್ಯಾಖ್ಯೆಯೂ ಬರಬೇಕು; ಅದಕ್ಕೆ ಸಂಸ್ಕೃತ ಪಂಡಿತರ ಪಕ್ಕದಲ್ಲಿ ಒಬ್ಬ ವೈದ್ಯರೂ ಕುಳಿತುಕೊಳ್ಳಬೇಕಾಗುತ್ತದೆ. ರಿಷ್ಟಾಧ್ಯಾಯದ ಆರಂಭದಲ್ಲಿ, ಭಸ್ಮಕವ್ಯಾಧಿಯ ಕಥೆಯಲ್ಲಿ ಗುರುವು ಕೊಟ್ಟ ಉತ್ತರವನ್ನು ಅಡಿಟಿಪ್ಪಣಿಯಾಗಿಯಲ್ಲ, ಮೇಲಿನ ಸಾಲಿನಲ್ಲಿಯೇ ಅಚ್ಚುಹಾಕಿಸುವುದು ಒಳ್ಳೆಯದು.